ಮಾತಾಡಿಸಲು ಬಂದವರು

ಅಪ್ಪ ಸತ್ತು ತಿಂಗಳು ಕಳೆದರೂ ನಮ್ಮ ಮನೆಗೆ ಜನ ಬರುವುದು ನಿಲ್ಲಲಿಲ್ಲ. ಬೆಳಗಿನ ಬಸ್ಸಿಗೆ ತಾಳವಾಡಿ ಕಡೆಯಿಂದ ಒಂದು ಗುಂಪು, ಮಧ್ಯಾಹ್ನದ ಬಸ್ಸಿಗೆ ಚಾಮರಾಜನಗರದ ಕಡೆಯಿಂದ ಇನ್ನೊಂದು ಗುಂಪು. ಇವೆರಡರ ನಡುವೆ ತಾಳಮಲೆ ಕಡೆಯಿಂದ ಕಾಡುದಾರಿಯಲ್ಲಿ ನಡೆದೇ ಬರುವವರು ಬೇರೆ. ನಮ್ಮ ಕಡೆ ಇದಕ್ಕೆ ಮಾತಾಡಿಸುವುದು ಅನ್ನುತ್ತಾರೆ. ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಮಣ್ಣು ಮಾಡುವ ದಿನ ಬರಲಾಗದವರಂತೂ ಬರಲೇಬೇಕು.

ಹೆಸರಿಗೆ ಮಾತಾಡಿಸುವುದು, ಆದರೆ ಅದರಲ್ಲಿ ಮಾತಿಗಿಂತ ಅಳುವೇ ಹೆಚ್ಚು. ಬಂದ ಹೆಂಗಸು ಹೊಸ್ತಿಲು ದಾಟುವ ಮೊದಲೇ ದನಿ ತೆಗೆಯುತ್ತಾಳೆ. ಅವಳನ್ನು ಒಬ್ಬಳೇ ಅಳಲು ಬಿಡಬಾರದು. ಮನೆಯಾಕೆ ಎದ್ದು ಹೋಗಿ, ಅವಳ ಕೊರಳು ತಬ್ಬಿ, ಸತ್ತವನ ಗುಣ ಒಂದೊಂದನ್ನೂ ಹಾಡಾಡಿಕೊಂಡು ಅವಳಷ್ಟೇ ಜೋರಾಗಿ ಅಳಬೇಕು. ಆಮೇಲೆ ಮೂಗು ಒರೆಸಿಕೊಂಡು ಕೂತು, ಸಾವು ಹೇಗಾಯಿತು ಎಂಬುದನ್ನು ಮೊದಲಿನಿಂದ ಹೇಳಬೇಕು. ಕೇಳಿದವರು ತಲೆಯಾಡಿಸುತ್ತಾರೆ, ಲೊಚಗುಟ್ಟುತ್ತಾರೆ, ಕೊನೆಗೆ ಬರ್ತೀವಿ ಅನ್ನದೆ ಎದ್ದು ಹೋಗುತ್ತಾರೆ. ಸಾವಿನ ಮನೆಯಲ್ಲಿ ಆ ಮಾತು ಆಡುವ ಹಾಗಿಲ್ಲ.

ಬೇರೆ ಮನೆಗಳಲ್ಲಿ ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಯುವ ಹೊತ್ತಿಗೆ ಇದೆಲ್ಲ ತಗ್ಗುತ್ತದೆ. ನಮ್ಮ ಮನೆಯಲ್ಲಿ ಅಲ್ಲಿಂದಲೇ ಶುರುವಾಯಿತು ಅನ್ನಬೇಕು. ನೆಂಟರೆಲ್ಲ ಬಂದು ಹೋದ ಮೇಲೆ ಅಪ್ಪನ ಜನ ಬರತೊಡಗಿದರು. ಯಾರೋ ಲಾರಿ ಡ್ರೈವರ್, ಯಾರೋ ಎಲೆ ತೋಟದವನು, ಸತ್ಯಮಂಗಲದ ಸಂತೆಯಲ್ಲಿ ಮಡಕೆ ಮಾರುವ ಗಂಡ ಹೆಂಡತಿ. ಇವರಿಗೆ ಸುದ್ದಿ ಹೇಳಿ ಕಳುಹಿಸಿದವರು ಯಾರೂ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಬಾಯಲ್ಲಿ, ದಿಂಬಂ ಟೀ ಅಂಗಡಿಯಲ್ಲಿ, ಇವತ್ತು ಒಬ್ಬರಿಗೆ ನಾಳೆ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಗೊತ್ತಾದವರು ಗೊತ್ತಾದ ದಿನ ಹೊರಟು ಬರುತ್ತಿದ್ದರು. ಅವರಿಗೆ ಅದು ಹೊಸ ಸಾವು. ಅವ್ವ ಪ್ರತಿ ಸಲವೂ ಮೊದಲಿನಿಂದ ಅಳಬೇಕಿತ್ತು.

ಅವ್ವ ಊಟ ಬಿಟ್ಟಿದ್ದಳು. ಹರಕೆ ಹೊತ್ತು ಬಿಟ್ಟದ್ದಲ್ಲ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಲವಂತ ಮಾಡಿ ತಟ್ಟೆ ಮುಂದಿಟ್ಟು ಕೂರಿಸಿದರೆ, ಮುದ್ದೆ ಮುರಿಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ಯಾರದೋ ದನಿ ಏಳುತ್ತಿತ್ತು. ಅವ್ವ ಕೈ ತೊಳೆದು ಎದ್ದುಬಿಡುತ್ತಿದ್ದಳು. ರವಿಕೆಯ ತೋಳು ಜೋಲತೊಡಗಿತು. ಹಗಲೆಲ್ಲ ಅತ್ತು ಅತ್ತು ದನಿ ಒಡೆದು, ಮಾತಾಡಿದರೆ ಯಾರೋ ಬೇರೆಯವರು ಮಾತಾಡಿದ ಹಾಗೆ ಕೇಳುತ್ತಿತ್ತು. ತಾಳವಾಡಿಯಿಂದ ಕರೆಸಿದ್ದ ಡಾಕ್ಟರು ನಾಡಿ ಹಿಡಿದು, ಅಣ್ಣನನ್ನೂ ನನ್ನನ್ನೂ ಮನೆಯ ಹೊರಗೆ ಕರೆದು, ಇವರ ಹೊಟ್ಟೆಗೆ ಏನಾದರೂ ಹೋಗುವ ಹಾಗೆ ಮಾಡಿ, ಇಲ್ಲವಾದರೆ ನೀವು ಇನ್ನೊಂದು ಗುಂಡಿ ತೆಗೆಯಬೇಕಾಗುತ್ತದೆ ಎಂದು ನೇರವಾಗಿ ಹೇಳಿ ಹೋದರು.

ನಾನು ಮದುವೆಯಾಗಿ ಹಾಸನೂರಿನ ಕಡೆ ಇದ್ದವಳು. ಹೊರಟು ಬಾ ಎಂದು ಗಂಡನ ಮನೆಯಿಂದ ಹೇಳಿಕಳುಹಿಸುತ್ತಲೇ ಇದ್ದರು. ಅವ್ವನನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗಲು ಕಾಲು ಬರಲಿಲ್ಲ. ಅಲ್ಲಿಯೂ ಇಲ್ಲ ಇಲ್ಲಿಯೂ ಇಲ್ಲ ಎಂಬ ಹಾಗೆ ಬಾಗಿಲಿಗೂ ಅಡುಗೆಮನೆಗೂ ಓಡಾಡಿಕೊಂಡಿದ್ದೆ. ನನಗೆ ಮೊದಲಿನಿಂದ ಸಿಟ್ಟು ಮೂಗಿನ ತುದಿಯಲ್ಲಿ. ಬರುಬರುತ್ತ ಮನೆಗೆ ಬಂದವರ ಮೇಲೆಲ್ಲ ಆ ಸಿಟ್ಟು ತಿರುಗಿತು. ಒಂದು ದಿನ ಬಾಗಿಲಿಗೆ ಅಡ್ಡ ನಿಂತು, ಅವ್ವ ಮಲಗಿದ್ದಾಳೆ, ಏಳಿಸಬೇಡಿ ಎಂದೆ. ಬಂದಿದ್ದ ಮುದುಕಿ ನನ್ನನ್ನು ತುಸುವೇ ಪಕ್ಕಕ್ಕೆ ಸರಿಸಿದಳು.

"ಮನಗಿದ್ರ ಏನಾಯ್ತದ ಕಣವ್ವ, ಎದ್ದು ಅಳ್ತಳ ಬುಡು" ಎಂದು ಒಳಗೆ ಹೋದಳು. ಅವ್ವ ನಿಜವಾಗಿಯೂ ಎದ್ದು ಅತ್ತಳು.

ಸಿಟ್ಟು ನಿಜವಾಗಿ ಅಪ್ಪನ ಮೇಲೆ ಇತ್ತು. ಇಷ್ಟೊಂದು ಜನರನ್ನು ಕಟ್ಟಿಕೊಂಡು ಸಾಯುವುದುಂಟೆ?

ಅಪ್ಪನ ಕಾಲಿಗೆ ಚಕ್ರ ಕಟ್ಟಿತ್ತು. ನನಗೆ ಬುದ್ಧಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಆಗಿನಿಂದ ನಾನು ಕಂಡ ಅಪ್ಪ ಒಂದೋ ಹೊರಟು ನಿಂತಿರುತ್ತಿದ್ದ, ಇಲ್ಲವೇ ಈಗಷ್ಟೇ ಬಂದಿರುತ್ತಿದ್ದ. ಹಾಗೆಂದು ಕೆಲಸಗಳ್ಳನಲ್ಲ. ರಾಗಿ, ಹುರುಳಿ, ಆಮೇಲೆ ಹಿಪ್ಪುನೇರಳೆ, ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಹೊಲದಲ್ಲಿದ್ದ ದಿನ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ, ಬೇಗ ಮುಗಿಸಿದರೆ ಬಸ್ಸು ಹಿಡಿಯಬಹುದಲ್ಲ ಎಂದು. ಹೋಗಲು ಕಾರಣ ಬೇಕೆಂದೇನೂ ಇರಲಿಲ್ಲ. ಯಾರದೋ ಮದುವೆ, ಯಾರದೋ ಹಸುವಿಗೆ ಕಾಯಿಲೆ, ಯಾರೋ ಮನೆ ಕಟ್ಟಿಸುತ್ತಿದ್ದಾರೆ ನೋಡಿಕೊಂಡು ಬರುತ್ತೇನೆ, ಇಷ್ಟಾದರೂ ಸಾಕಿತ್ತು.

ಒಮ್ಮೆ ಸತ್ಯಮಂಗಲಕ್ಕೆ ಬಿತ್ತನೆ ಬೀಜ ತರಲು ಹೋದ. ದಿಂಬಂನಲ್ಲಿ ಬಸ್ಸು ನಿಂತಾಗ ಟೀ ಕುಡಿಯಲು ಇಳಿದಿದ್ದಾನೆ. ಕೆಳಗಿನಿಂದ ತಿರುವು ಹತ್ತಿ ಬಂದ ಮೈಸೂರಿನ ಬಸ್ಸಿನ ಪ್ರಯಾಣಿಕನೊಬ್ಬ ಪಕ್ಕದಲ್ಲಿ ನಿಂತು ಟೀ ಕುಡಿಯುತ್ತಿದ್ದ. ಮಾತಿಗೆ ಮಾತು ಬೆಳೆಯಿತು. ಮಾತು ಮುಗಿಯುವ ಮೊದಲೇ ಮೈಸೂರಿನ ಬಸ್ಸು ಹೊರಟಿತು. ಅಪ್ಪ ಅರ್ಧ ಮಾತು ಬಿಡಲಾರದೆ ಅದೇ ಬಸ್ಸು ಹತ್ತಿದ. ಮೂರನೇ ದಿನ ಮನೆಗೆ ಬಂದಾಗ ಕೈಯಲ್ಲಿ ಬೀಜ ಇರಲಿಲ್ಲ, ಒಂದು ಕಟ್ಟು ವೀಳ್ಯದೆಲೆ ಇತ್ತು. ಆ ಮನುಷ್ಯನ ತಂಗಿಯ ಮಗಳಿಗೆ ಗಂಡು ಹುಡುಕಬೇಕು ಎಂಬ ಹೊಸ ಚಿಂತೆಯೂ ಜೊತೆಗೆ ಬಂದಿತ್ತು. ಹೋದ ಪುಟ್ಟ ಬಂದ ಪುಟ್ಟ ಎಂದು ಅವ್ವ ಬೈದಳು. ಅಪ್ಪ ನಕ್ಕು, ಜಗಲಿಯ ಮೇಲೆ ಕೂತು, ಆ ಮನೆಯಲ್ಲಿ ಯಾರು ಯಾರಿದ್ದಾರೆ, ಯಾರಿಗೆ ಯಾರ ಮೇಲೆ ಮುನಿಸು ಎಂಬುದನ್ನೆಲ್ಲ ಹೇಳತೊಡಗಿದ. ಬೈಯುತ್ತಿದ್ದ ಅವ್ವನೇ ಸ್ವಲ್ಪ ಹೊತ್ತಿನಲ್ಲಿ ಮೊರ ಹಿಡಿದು ಪಕ್ಕಕ್ಕೆ ಬಂದು ಕೂತು, ಆಮ್ಯಾಲ, ಆಮ್ಯಾಲ ಎಂದು ಕೇಳುತ್ತಿದ್ದಳು.

ನನ್ನನ್ನು ಒಂದೆರಡು ಸಲ ಜೊತೆಗೆ ಕರೆದುಕೊಂಡು ಹೋಗಿದ್ದ. ಕಿಟಕಿ ಪಕ್ಕದ ಸೀಟು ಕೊಡಿಸುತ್ತೇನೆ ಎಂದು ಆಸೆ ತೋರಿಸಿ ಹೊರಡಿಸಿ, ಹತ್ತಿದ ಮೇಲೆ ಅದನ್ನು ಯಾರೋ ತಲೆಸುತ್ತು ಬಂದ ಮುದುಕಿಗೆ ಕೊಟ್ಟುಬಿಟ್ಟ. ಹಾಸನೂರು ದಾಟಿದ ಮೇಲೆ ರಸ್ತೆಗೆ ಆನೆ ಹಿಂಡು ಬಂದು ಬಸ್ಸು ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರೆ, ಅಪ್ಪ ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ ಮೆಲ್ಲನೆ ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು ಬಂದ. ಕೆಳನಾಡಿನವರ ಜೊತೆ ತಮಿಳು, ಮೇಲಿನವರ ಜೊತೆ ಕನ್ನಡ. ಆನೆಗಳು ದಾಟಿ ಹೋಗುವಷ್ಟರಲ್ಲಿ ಆ ಬಸ್ಸಿನ ಅರ್ಧ ಜನ ಅವನಿಗೆ ಅಣ್ಣ, ಮಾವ, ತಮ್ಮ ಆಗಿದ್ದರು. ಪ್ರತಿಯೊಬ್ಬರಿಗೂ ಕೊನೆಯಲ್ಲಿ ಒಂದೇ ಮಾತು, ಒಂದ್ ದಿನ ನಮ್ಮಟ್ಟಿಗ ಬನ್ನಿ. ನಾನು ಮುಖ ಊದಿಸಿಕೊಂಡು ಕೂತೇ ಇದ್ದೆ. ಬೇರೆಯವರು ಇಂಥ ಮಾತನ್ನು ಬಾಯಿಮಾತಿಗೆ ಆಡುತ್ತಾರೆ. ಅಪ್ಪ ಕರೆದರೆ ಜನ ನಿಜವಾಗಿಯೂ ಬರುತ್ತಿದ್ದರು, ಬಂದವರಿಗೆ ಅವ್ವ ಮುದ್ದೆ ತೊಳಸಬೇಕಿತ್ತು.

ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಅಪ್ಪ ಅಂಥವನೂ ಅಲ್ಲ. ನನಗೆ ವಿಷಮಶೀತ ಜ್ವರ ಬಂದು ಮಲಗಿದ್ದಾಗ ಹೊಸ್ತಿಲು ದಾಟಲಿಲ್ಲ. ಮಂಚದ ಪಕ್ಕವೇ ಇದ್ದು ಗಂಜಿ ಕುಡಿಸಿದ, ಹಣೆಗೆ ಒದ್ದೆ ಬಟ್ಟೆ ಹಾಕಿದ. ಆದರೆ ಸುಮ್ಮನೆ ಕೂರಲು ಬರಬೇಕಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಕಾಲು ಕುಣಿಯುತ್ತಿತ್ತು. ಎದ್ದು ಕೊಟ್ಟಿಗೆಯವರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಆ ನಡಿಗೆಯ ಸದ್ದಿಗೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಜ್ವರ ಇಳಿದ ದಿನ ನಾನೇ ಹೊರಟುಹೋಗು ಮಾರಾಯ ಎಂದೆ. ಅವನು ನಾಚಿಕೆಪಡುತ್ತ ಅಂಗಿ ಹಾಕಿಕೊಂಡ.

ನನಗೆ ಅಪ್ಪನ ಮೇಲೆ ಮನಸ್ಸಿನಲ್ಲಿ ಉಳಿದುಕೊಂಡಿದ್ದ ದೂರು ಒಂದೇ. ಅವ್ವ ಅವನು ಬರುವವರೆಗೆ ಉಣ್ಣುತ್ತಿರಲಿಲ್ಲ. ಹೋದವನು ಆ ದಿನ ಬರುತ್ತೇನೆಂದು ಹೇಳಿದ್ದರೆ, ಕೊನೆಯ ಬಸ್ಸು ಹೋಗುವವರೆಗೆ ಜಗಲಿಯ ಮೇಲೆ ಕೂತೇ ಇರುತ್ತಿದ್ದಳು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದು ಕೂರುವುದು, ಹಸುವಿಗೆ ನೀರು ಕೊಟ್ಟು ಬಂದು ಕೂರುವುದು. ನೀನು ಉಣ್ಣು ಎಂದರೆ, ಇನ್ನೇನು ಬತ್ತರ ಅನ್ನುತ್ತಿದ್ದಳು. ಅತ್ತ ಅಪ್ಪ ಯಾರದೋ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಕಥೆ ಹೊಡೆಯುತ್ತಿರುತ್ತಾನೆ. ಊರೂರಿನವರ ಕಷ್ಟ ಸುಖ ಕೇಳುವ ಮನುಷ್ಯನಿಗೆ ಇದೊಂದು ಗೊತ್ತಾಗುವುದಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಅವ್ವ ಹೇಳಲಿಲ್ಲ, ನಾನು ಹೇಳಲು ಅವಳು ಬಿಡಲಿಲ್ಲ.

ಅಪ್ಪ ಸತ್ತದ್ದು ಮನೆಯಲ್ಲೇ. ಕೊಳ್ಳೇಗಾಲಕ್ಕೆ ಹೋಗಬೇಕೆಂದು ಅಂಗಿ ಹಾಕಿಕೊಂಡು ಹೊರಟವನು, ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತ. ನೀರು ಕೇಳಿದ. ಅವ್ವ ಚೊಂಬು ತರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಇಷ್ಟೇ. ಈ ಇಷ್ಟನ್ನು ಅವ್ವ ಬಂದವರಿಗೆಲ್ಲ ಹೇಳಬೇಕಿತ್ತು. ಅಂಗಿ, ಚಪ್ಪಲಿ, ಚೊಂಬು. ಕೇಳಿ ಕೇಳಿ ನನಗೆ ಬಾಯಿಪಾಠ ಆಗಿತ್ತು. ಹೇಳುತ್ತ ಹೇಳುತ್ತ ಅವ್ವನ ನೆನಪಿನಲ್ಲಿ ಅಪ್ಪ ಎಂದರೆ ಆ ಕೊನೆಯ ಗಳಿಗೆಯಷ್ಟೇ ಆಗಿಹೋಗುತ್ತಿದೆ ಎಂದು ನನಗೆ ಭಯವಾಗುತ್ತಿತ್ತು. ಬೇರೆ ಯಾವುದನ್ನೂ ಅವಳು ಮಾತಾಡುತ್ತಿರಲಿಲ್ಲ. ಬೇರೆ ಯಾವುದನ್ನೂ ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಅಣ್ಣ ಬೆಳಿಗ್ಗೆಯೇ ಚಾಮರಾಜನಗರಕ್ಕೆ ಹೊರಟ. ಅಪ್ಪನದು ಎಂದು ಒಂಟಿ ಫೋಟೋ ಒಂದೂ ಇರಲಿಲ್ಲ. ಯಾವುದೋ ಮದುವೆಯಲ್ಲಿ ಹತ್ತಾರು ಜನರ ನಡುವೆ, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತದ್ದು ಒಂದು ಸಿಕ್ಕಿತ್ತು. ಅಕ್ಕಪಕ್ಕದವರನ್ನು ತೆಗೆದು, ಮುಖ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡಲು ಅಲ್ಲಿನ ಸ್ಟುಡಿಯೋದವನಿಗೆ ಕೊಟ್ಟಿದ್ದೆವು. ಅದನ್ನು ತರಲು ಅಣ್ಣ ಹೋದದ್ದು. ನಡುಮನೆಯ ಗೋಡೆಗೆ ಮೊಳೆ ಮಾತ್ರ ಹೊಡೆದಾಗಿತ್ತು.

ನಾನು ಎಂದಿನಂತೆ ಬಾಗಿಲಲ್ಲಿ ಕಾವಲು ನಿಂತಿದ್ದೆ. ಬಿಸಿಲು ಏರಿತ್ತು. ಬೀದಿಯಲ್ಲಿ ಒಬ್ಬ ವಯಸ್ಸಾದವರು ಬಂದರು. ತಲೆಗೆ ಟವೆಲ್ ಸುತ್ತಿದ್ದರು, ಕಂಕುಳಲ್ಲಿ ಕೊಡೆ, ಹೆಗಲಿಗೆ ಭಾರದ ಕೈಚೀಲ. ಇನ್ನೊಬ್ಬರು ಬಂದರಪ್ಪ, ಇವರನ್ನು ಜಗಲಿಯಿಂದಲೇ ಕಳುಹಿಸಬೇಕು ಎಂದು ನಾನು ಸೆರಗು ಸಿಕ್ಕಿಸಿಕೊಂಡೆ. ಹತ್ತಿರ ಬಂದವರು ನನ್ನನ್ನು ನೋಡಿ ನಕ್ಕರು. ತಿಂಗಳಿಂದ ನಮ್ಮ ಮನೆಗೆ ನಗುತ್ತ ಬಂದವರು ಒಬ್ಬರೂ ಇರಲಿಲ್ಲ.

"ಯಜಮಾನ್ರು ಇದ್ದರಾ, ಮೊಗ?" ಎಂದರು.

ಇವರಿಗೆ ಗೊತ್ತಿಲ್ಲ. ಈಗ ನಾನು ಹೇಳಬೇಕು. ಹೇಳಿದರೆ ಇವರು ಇಲ್ಲೇ ಕುಸಿದು ಕೂರುತ್ತಾರೆ, ಅವ್ವ ಎದ್ದು ಬರುತ್ತಾಳೆ, ಅಂಗಿ, ಚಪ್ಪಲಿ, ಚೊಂಬು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವನ ದನಿ ಬಂತು.

"ಊರ್ಗ ಓಗವರ ಕಣಣ್ಣ. ಕುಂತ್ಕಳಿ, ಉಂಡ್ಕಂಡು ಓಗಿ."

ಅದೇ ಒಡೆದ ದನಿ, ಆದರೆ ಅದರಲ್ಲಿ ಅಳು ಇರಲಿಲ್ಲ. ಹಿಂದೆಲ್ಲ ಅಪ್ಪ ಇಲ್ಲದಾಗ ಬಂದವರಿಗೆ ಹೇಗೆ ಹೇಳುತ್ತಿದ್ದಳೋ ಹಾಗೇ ಹೇಳಿದಳು. ಬಂದವರು, ಓ, ಮನುಷ್ಯ ಎಂದಾದರೂ ಮನೆಯಲ್ಲಿ ಇದ್ದದ್ದುಂಟೆ ಎಂದು ನಗುತ್ತ, ಕೊಡೆ ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತರು.

ನಾನು ಒಳಕ್ಕೆ ಓಡಿದೆ. ಅವ್ವ ಅಡುಗೆಮನೆಯ ಬಾಗಿಲ ಹಿಂದೆ, ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಬೋಳು ಕೈ, ಬೋಳು ಹಣೆ. ಅವಳನ್ನು ಒಂದು ಸಲ ಕಂಡರೆ ಸಾಕು, ಅವರಿಗೆ ಎಲ್ಲ ತಿಳಿಯುತ್ತದೆ. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಬಾಗಿಲ ಹಿಂದೆ ನಿಂತಿದ್ದಳು. ನಾನು ಪಿಸುದನಿಯಲ್ಲೇ ಜಗಳಕ್ಕೆ ನಿಂತೆ. ಇದೇನು ಹುಚ್ಚು, ಬೀದಿಯಲ್ಲಿ ಯಾರಾದರೂ ಒಂದು ಮಾತು ಅಂದರೆ ಮುಗಿಯಿತು, ನಮ್ಮ ಮಾನ ಏನಾಗಬೇಕು, ಹೋಗಿ ನಿಜ ಹೇಳುತ್ತೇನೆ ಎಂದೆಲ್ಲ ಅಂದೆ. ಅವ್ವ ನೀರಿನ ಚೊಂಬು ನನ್ನ ಕೈಗೆ ಕೊಟ್ಟಳು.

"ಕಾಲ್ಗ ನೀರ್ ಕೊಡೋಗು" ಎಂದಳು, ಅಷ್ಟೇ.

ಒಲೆಯ ಮೇಲೆ ಎಸರು ಕುದಿಯತೊಡಗಿತ್ತು. ತಿಂಗಳಿಂದ ಆ ಒಲೆಯ ಮುಂದೆ ಕೂತವಳು ನಾನೊಬ್ಬಳೇ. ಅವ್ವ ರಾಗಿ ಹಿಟ್ಟು ಹಾಕಿ, ಕೋಲು ಹಿಡಿದು ತಿರುವಲು ಕೂತಳು. ನಾನು ಮಾಡುತ್ತೇನೆ ಎಂದರೆ ಕೋಲು ಬಿಡಲಿಲ್ಲ. ನಾನು ಚೊಂಬು ಹಿಡಿದು ಹೊರಗೆ ಬಂದೆ. ನನ್ನ ಕಾವಲು ಮುಗಿದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಯಾರಾದರೂ ದನಿ ತೆಗೆದುಕೊಂಡು ಬಂದರೆ? ಪಕ್ಕದ ಮನೆಯವಳು ಇಣುಕಿದರೆ? ಬಂದವರನ್ನು ಜಗಲಿಯಿಂದ ಎಬ್ಬಿಸಿ ನಡುಮನೆಗೆ ಕರೆದು ಚಾಪೆ ಹಾಕಿದೆ, ಬೀದಿ ಬಾಗಿಲನ್ನು ಅರ್ಧ ಮುಚ್ಚಿದೆ. ಕೂತಲ್ಲಿ ಕೂರಲಾಗದೆ ಬಾಗಿಲ ಸಂದಿಗೂ ಅಡುಗೆಮನೆಗೂ ತಿರುಗುತ್ತಲೇ ಇದ್ದೆ.

ಅವರು ಟಿ. ನರಸೀಪುರದ ಕಡೆಯವರು, ಕಬ್ಬು ಬೆಳೆಯುವವರು. ಹಾಸನೂರಿನಲ್ಲಿ ಬಸ್ಸು ಕೆಟ್ಟು ನಿಂತಾಗ ಅಪ್ಪನ ಪರಿಚಯ ಆಗಿತ್ತಂತೆ. ಆಮೇಲೆ ಅಪ್ಪ ಅವರ ಆಲೆಮನೆಗೂ ಹೋಗಿ ಬಂದಿದ್ದ. ಹೊಸ ಬೆಲ್ಲ ತೆಗೆದಾಗ ನಾನೇ ತಂದುಕೊಡುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರಂತೆ. ಚೀಲದಿಂದ ಬೆಲ್ಲದ ಅಚ್ಚುಗಳನ್ನು ತೆಗೆದು ಚಾಪೆಯ ಮೇಲೆ ಜೋಡಿಸಿದರು. ಮನೆಯೆಲ್ಲ ಆಲೆಮನೆಯ ಘಮ ಆಯಿತು.

ಮುದ್ದೆ, ಹುರುಳಿ ಬಸ್ಸಾರು ಬಡಿಸಿದೆ. ಅವರು ಉಣ್ಣುತ್ತ, ಅಡುಗೆಮನೆಯ ಬಾಗಿಲ ಕಡೆಗೆ ಮುಖ ಮಾಡಿ, ಕಾಣದ ಅವ್ವನಿಗೆ ಕೇಳಲೆಂದು ಗಟ್ಟಿಯಾಗಿ ಮಾತಾಡತೊಡಗಿದರು. ಆಲೆಮನೆಗೆ ಬಂದವನು ಬೇರೆಯವರಂತೆ ಸುಮ್ಮನೆ ಕೂರಲಿಲ್ಲವಂತೆ. ಒಲೆಗೆ ಸಿಪ್ಪೆ ನೂಕಿದನಂತೆ, ಗಾಣದ ಹುಡುಗರಿಗೆ ತಮಿಳು ಬೈಗುಳ ಕಲಿಸಿದನಂತೆ, ಮಾತನಾಡದೆ ಇದ್ದ ಅವರ ಇಬ್ಬರು ಸೊಸೆಯರನ್ನು ಒಂದೇ ತಟ್ಟೆಯಲ್ಲಿ ಬೆಲ್ಲ ತಿನ್ನುವ ಹಾಗೆ ಮಾಡಿದನಂತೆ. ಬಾಗಿಲ ಹಿಂದಿನಿಂದ ಅವ್ವ ಮೆಲ್ಲನೆ, ಆಮ್ಯಾಲ ಎಂದಳು. ನಾನು ಬಾಗಿಲ ಸಂದಿಯಿಂದ ತಿರುಗಿ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು. ಇನ್ನೊಂದು, ಮತ್ತೊಂದು ಎಂದು ಹೇಳುತ್ತಲೇ ಹೋದರು. ಒಂದು ಕಥೆಗೆ ಅವ್ವ ನಕ್ಕಳು. ಸಣ್ಣಗೆ, ಸೆರಗು ಬಾಯಿಗೆ ಒತ್ತಿಕೊಂಡು, ಆದರೂ ಅದು ನಗುವೇ.

ಆಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಎರಡನೇ ದಿನ ಊಟಕ್ಕೆ ಎಲೆ ಹಾಕಿದ್ದರಂತೆ. ಹಬ್ಬದ ಅಡುಗೆ ಮಾಡಿಸಿದ್ದರು. ಅಪ್ಪ ಹೊತ್ತು ನೋಡಿ, ಎಲೆಯ ಮುಂದಿನಿಂದ ಎದ್ದುಬಿಟ್ಟನಂತೆ. ಏನು ಕೋಪವೋ, ಏನು ತಪ್ಪಾಯಿತೋ ಎಂದು ಇವರು ಗಾಬರಿಯಾದರಂತೆ.

"ಕೇಳುದ್ರ ಏನಂದ ಗೊತ್ತಾ ಕಣವ್ವ? ಇವತ್ತು ಬತ್ತಿನಿ ಅಂತ ಯೋಳ್ಬುಟ್ಟು ಬಂದಿವ್ನಿ, ಅವ್ಳು ನಾನ್ ಓಗಗಂಟ ಉಣ್ಣಲ್ಲ, ಇಲ್ಲಿ ನಂಗ ಇಳಿಯಲ್ಲ ಅಂದ. ಬಸ್ ಇಲ್ಲ ಅಂದ್ರೂ ಕೇಳ್ನಿಲ್ಲ. ಆ ಬಿಸುಲ್ಲಿ ನಡ್ದೇ ಬುಟ್ಟ."

ಇವರು ಸಾರು ಸುರಿದುಕೊಂಡು ಉಣ್ಣುತ್ತಿದ್ದರು. ನಾನು ಕಂಬ ಹಿಡಿದು ನಿಂತೆ. ಅಪ್ಪನಿಗೆ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿಲ್ಲವೆಂದುಕೊಂಡು ನಾನು ಅವನ ಮೇಲೆ ಹಲ್ಲು ಕಡಿದದ್ದೆಲ್ಲ ದಂಡ. ಹಾಗೆ ಹಸಿದು ಬಂದ ದಿನಗಳೂ ಇದ್ದವೇನೋ, ಬಂದಾಗ ಇಬ್ಬರೂ ಎದುರುಬದುರು ಕೂತು ಉಂಡದ್ದು ನಾನೇ ನೋಡಿದ್ದೆ. ಯಾರದೋ ಮನೆಯಲ್ಲಿ ಉಂಡು ಬಂದು ಇಲ್ಲಿಯೂ ಉಣ್ಣುತ್ತಾನಲ್ಲ, ಇವನಿಗೆ ಎಷ್ಟು ಹೊಟ್ಟೆ ಎಂದು ಆಡಿಕೊಂಡಿದ್ದೆ. ಅಳು ಬಂತು, ಆ ಮನುಷ್ಯನ ಮುಂದೆ ಅಳುವ ಹಾಗಿರಲಿಲ್ಲ.

ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಅವರು ಎದ್ದರು. ಮುಂದಿನ ಸಲ ಆಲೆ ಹೂಡಿದಾಗ ಯಜಮಾನರು ಬರಲೇಬೇಕು, ಆಗ ನಿಮ್ಮನ್ನೂ ಕರೆದುಕೊಂಡು ಬರಬೇಕು ಎಂದು ಬಾಗಿಲ ಕಡೆಗೆ ಹೇಳಿದರು. ಅವ್ವ, ಯೋಳ್ತಿನಿ ಕಣಣ್ಣ ಎಂದಳು. ಓಗ್ಬತ್ತಿನಿ ಕಣವ್ವ ಎಂದು ಅವರು ಬಾಯಿ ತುಂಬ ಹೇಳಿ ಮೆಟ್ಟಿಲಿಳಿದರು.

ನಾನೂ ಜೊತೆಗೆ ಹೊರಟೆ, ರಸ್ತೆಯವರೆಗೆ ಬಿಟ್ಟು ಬರುವ ನೆಪ ಹೇಳಿ. ದಾರಿಯಲ್ಲಿ ನಿಜ ಹೇಳಿಬಿಡಬೇಕೆಂಬುದೇ ನನ್ನ ಎಣಿಕೆ. ಒಳ್ಳೆಯ ಮನುಷ್ಯ, ಇವರನ್ನು ಸುಳ್ಳಿನಲ್ಲಿ ಕಳುಹಿಸುವುದು ಸರಿಯಲ್ಲ. ಆದರೆ ರಸ್ತೆಗೆ ನೆಟ್ಟಗಿನ ದಾರಿ ನಮ್ಮ ಹೊಲದ ಪಕ್ಕವೇ ಹೋಗುತ್ತದೆ, ಅಲ್ಲಿ ಅಪ್ಪನನ್ನು ಹೂತ ಗುಡ್ಡೆಯ ಮಣ್ಣು ಇನ್ನೂ ಹಸಿಯಾಗಿತ್ತು. ನನ್ನ ಕಾಲು ತಾನಾಗಿ ಗಾಡಿದಾರಿಯ ಸುತ್ತು ಹಿಡಿಯಿತು. ಅವರು ಕೊಡೆ ಊರಿಕೊಂಡು, ಬೆಳೆ ಹೇಗೆ, ಆನೆ ಕಾಟ ಹೇಗೆ ಎಂದು ಕೇಳುತ್ತ ಬಂದರು. ಈಗ ಹೇಳುತ್ತೇನೆ, ಆ ಹುಣಸೆಮರ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ಹೋದೆ. ಹುಣಸೆಮರ ದಾಟಿತು. ರಸ್ತೆ ಬಂತು. ಬಸ್ಸೂ ಬಂತು.

ನಮ್ಮೂರಿನಲ್ಲೇ ತಿರುಗಿ ಚಾಮರಾಜನಗರಕ್ಕೆ ವಾಪಸ್ಸಾಗುವ ಆ ಬಸ್ಸಿನಿಂದ ಅಣ್ಣ ಇಳಿದ. ಕಂಕುಳಲ್ಲಿ ಪೇಪರು ಸುತ್ತಿದ ಚೌಕಟ್ಟು. ನನ್ನ ಜೊತೆ ಹಿರಿಯರೊಬ್ಬರು ನಿಂತಿದ್ದನ್ನು ಕಂಡು, ಮಾತಾಡಿಸಲು ಬಂದವರು ಎಂದು ತಿಳಿದು, ಅವನ ಮುಖ ಆಗಲೇ ಅಳುವಿಗೆ ತಿರುಗತೊಡಗಿತ್ತು. ಅವನು ಬಾಯಿ ತೆರೆಯುವ ಮೊದಲು ನಾನು ತೆರೆದೆ. ಇವರು ಅಪ್ಪನ ಸ್ನೇಹಿತರು, ಅಪ್ಪ ಊರಿಗೆ ಹೋಗಿದ್ದಾನೆ ಅಂತ ಹೇಳಿದೆವು, ಉಂಡು ಹೊರಟರು ಎಂದು ಒಂದೇ ಉಸಿರಿಗೆ ಹೇಳಿದೆ. ಅಣ್ಣ ಚೌಕಟ್ಟನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡ. ಹಿರಿಯರು ಅವನ ಬೆನ್ನು ಸವರಿ, ಅಪ್ಪನ ಅಚ್ಚೇ ಕಣ್ಲಾ ನೀನು ಎಂದರು. ಆಮೇಲೆ ಪೇಪರಿನ ಮೇಲೆ ಬೆರಳಿನಿಂದ ತಟ್ಟಿ, ಇದೇನು ಕನ್ನಡಿಯೋ ಎಂದು ಕೇಳಿದರು.

"ಊ, ಕನ್ನಡಿ" ಎಂದೆ.

ಕಂಡಕ್ಟರ್ ಶಿಳ್ಳೆ ಹೊಡೆದ. ಅವರು ಹತ್ತಿ ಕಿಟಕಿಯ ಪಕ್ಕ ಕೂತು, ಕೈ ಬೀಸುತ್ತ ಹೋದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅದನ್ನೇ ನೋಡುತ್ತ ನಿಂತೆ. ಆ ಕಂಡಕ್ಟರನಿಗೆ ಎಲ್ಲ ಗೊತ್ತಿತ್ತು, ಮುಂದಿನ ಸೀಟಿನವನಿಗೂ ಗೊತ್ತಿರಬಹುದು. ಯಾರು ಹೇಳಿದರೋ, ಯಾವಾಗ ಹೇಳಿದರೋ, ಹೇಳಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ. ಅವರು ಆಮೇಲೆ ನಮ್ಮ ಕಡೆ ಬರಲಿಲ್ಲ.

ದಾರಿಯುದ್ದಕ್ಕೂ ಅಣ್ಣ ಬೈದ. ಸತ್ತವರನ್ನು ಇದ್ದಾರೆ ಅನ್ನುವುದು ಪಾಪ, ಆ ಮನುಷ್ಯನ ಮುಖ ನಾವು ಮತ್ತೆ ಹೇಗೆ ನೋಡುವುದು ಎಂದ. ನಾನೂ ಬಿಡಲಿಲ್ಲ, ಶುರುಮಾಡಿದವಳು ನಿನ್ನ ತಾಯಿ, ಹೋಗಿ ಅವಳನ್ನು ಕೇಳು ಎಂದೆ. ನಿಜಕ್ಕೂ ನಾನೇ ಕೇಳಬೇಕೆಂದು ದಾಪುಗಾಲು ಹಾಕಿಕೊಂಡು ಅಡುಗೆಮನೆಗೆ ನುಗ್ಗಿದೆ.

ಅವ್ವ ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಬಂದವರು ಉಂಡು ಹೋದ ಮೇಲೆ, ತಪ್ಪಲೆಯಲ್ಲಿ ಉಳಿದದ್ದನ್ನು ತಾನು ಬಡಿಸಿಕೊಂಡು ಕೂರುವುದು ಅವಳ ಯಾವತ್ತಿನ ಪದ್ಧತಿ. ಅದೇ ರೀತಿ ಕೂತಿದ್ದಳು. ಮುಂದಿನ ತಟ್ಟೆಯಲ್ಲಿ ಮುದ್ದೆ ಇತ್ತು, ಅದರಲ್ಲಿ ಅರ್ಧ ಮುಗಿದಿತ್ತು. ಬಾಯಲ್ಲಿ ತುತ್ತು ಇತ್ತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಅವರಿಗೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಗ ನಮ್ಮನ್ನು ಏನೆಂದುಕೊಳ್ಳುತ್ತಾರೆ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

ಅವ್ವ ತುತ್ತು ನುಂಗಿ, ನೀರು ಕುಡಿದು, ನನ್ನ ಕಡೆ ನೋಡಿದಳು.

"ಗೊತ್ತಾದಾಗ ಆಗ್ಲಿ. ಎಲ್ಲಾ ಊರ್ಲೂ ನಿಮ್ಮಪ್ಪನ್ನ ನಾನೇ ಸಾಯಿಸ್ಬುಟ್ಟಿ ಕಣ ಮೊಗ, ಬಾಯಾರ ಯೋಳಿ ಯೋಳಿ. ಅಲ್ಲಿಗಂಟ ಆ ಅಣ್ಣನ ಊರಲ್ಲಾರು ಇರ್ಲಿ ಬುಡು."

ಹೇಳಿ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡು ಅವಳಿಗೆ ಬಡಿಸಿದೆ.